ಭೀಮಾ ದಂಡೆಯಿಂದ ಕಡಲ ದಂಡೆಗೆ: ಕರಾವಳಿ ಕಾಮಗಾರಿಯ ಯೋಜನೆ ಮತ್ತು ಅನುಮತಿ

ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳಲ್ಲಿ ಸಿವಿಲ್ ಕೆಲಸ ಕಲಿತವರಿಗೆ ನೀರೆಂದರೆ ಹೊಳೆ, ಕೆರೆ ಮತ್ತು ಕಾಲುವೆ. ಸೊನ್ನದ ಬ್ಯಾರೇಜು, ಬೆಣ್ಣೆತೊರಾ, ಕಾರಂಜಾ, ನಾರಾಯಣಪುರದ ಎಡದಂಡೆ ಕಾಲುವೆಯಂಥ ಕೆಲಸಗಳಲ್ಲಿ ಕೈ ಪಳಗಿದ ಇಂಜಿನಿಯರುಗಳೂ ಗುತ್ತಿಗೆದಾರರೂ ಮಲ್ಪೆಯ ಜೆಟ್ಟಿಗೋ ಉಳ್ಳಾಲದ ತಡೆಗೋಡೆಗೋ ಟೆಂಡರು ಹಾಕುವಾಗ, ಅದೂ ನೀರಿನ ಕೆಲಸವೇ, ಅಲೆಯೊಂದು ಹೆಚ್ಚು ಎಂಬ ಲೆಕ್ಕದಲ್ಲಿ ಹೊರಡುತ್ತಾರೆ. ಜೇವರ್ಗಿ ತಾಲ್ಲೂಕಿನವನಾದ ನಾನೂ ಹಾಗೆಯೇ ಹೊರಟವನು. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಕೆಲಸದ ಮೇಲೆಯೇ ಕಲಿತೆ. ನಮ್ಮ ಭಾಗದಿಂದ ಕರಾವಳಿಯ ಕೆಲಸಕ್ಕೆ ಹೋಗುವ ಕಿರಿಯರು ಅದೇ ಪಾಠಕ್ಕೆ ಮತ್ತೊಂದು ಮಳೆಗಾಲವನ್ನು ಕಳೆದುಕೊಳ್ಳಬಾರದೆಂದು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಹೊಳೆಯ ಕೆಲಸದಲ್ಲಿ ಸಾಮಾನ್ಯವಾಗಿ ನಕ್ಷೆ ಮೊದಲು ಸಿದ್ಧವಾಗುತ್ತದೆ, ಅನುಮತಿ ಅದರ ಬೆನ್ನಿಗೆ ಬರುತ್ತದೆ. ಕಡಲಿನಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಉಬ್ಬರದ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆ ಎಂಬ ಒಂದು ಗೆರೆ ಅಧಿಕೃತವಾಗಿ ಗುರುತಾಗುವವರೆಗೆ ನಿಮ್ಮ ಜಾಗ ಯಾವ ವಲಯದ್ದು, ಅಲ್ಲಿ ಏನು ಕಟ್ಟಬಹುದು, ಯಾರು ಒಪ್ಪಿಗೆ ಕೊಡಬೇಕು ಎಂಬ ಯಾವ ಪ್ರಶ್ನೆಗೂ ಉತ್ತರವಿರುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಬಿಡಿಸಿದ ನಕ್ಷೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಕಚ್ಚಾ ಚಿತ್ರವೇ ಹೊರತು ಕಾಮಗಾರಿಯ ನಕ್ಷೆಯಲ್ಲ.

ಮೊದಲ ಹೆಜ್ಜೆ: ಗೆರೆ ಮತ್ತು ವಲಯ

ದೇಶದ ಕರಾವಳಿಯ ಕಾಮಗಾರಿಗಳನ್ನು ಆಳುವ ಮುಖ್ಯ ಕಾನೂನು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಎಲ್ಲರೂ ಇದನ್ನು ಸಿಆರ್‌ಝಡ್ ಎಂದೇ ಕರೆಯುತ್ತಾರೆ. ಮೊದಲನೆಯದು 1991ರಲ್ಲಿ, ಎರಡನೆಯದು 2011ರಲ್ಲಿ, ಮೂರನೆಯದು 2019ರ ಜನವರಿ 18ರಂದು ಬಂತು. ಮೂರನೆಯದಕ್ಕೂ ಆಮೇಲೆ ತಿದ್ದುಪಡಿಗಳಾಗಿವೆ. ಹಳೆಯ ಕಡತದಿಂದ ನಕಲು ಮಾಡಿದ ನಿಯಮಗಳನ್ನು ನಂಬದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ಮುಂದಿಟ್ಟುಕೊಂಡು ಓದಬೇಕು.

ದೊಡ್ಡ ಉಬ್ಬರದ ದಿನಗಳಲ್ಲಿ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ನೀರು ನೆಲದ ಮೇಲೆ ಮುಟ್ಟುವ ಅತಿ ಎತ್ತರದ ಗೆರೆಯೇ ಉಬ್ಬರರೇಖೆ. ತೆರೆದ ಕಡಲಿನ ಎದುರಿಗೆ ಈ ಗೆರೆಯಿಂದ ನೆಲದ ಕಡೆಗೆ 500 ಮೀಟರುಗಳ ಪಟ್ಟಿ ನಿಯಂತ್ರಣಕ್ಕೆ ಒಳಪಡುತ್ತದೆ. ಉಬ್ಬರದ ನೀರು ಒಳನುಗ್ಗುವ ಹೊಳೆ ಮತ್ತು ಹಿನ್ನೀರಿನ ದಂಡೆಯಲ್ಲಿ ಈ ಪಟ್ಟಿ 50 ಮೀಟರ್ ಅಥವಾ ಆ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಹೊಳೆಯೊಳಗೆ ಕಡಲಿನ ಪ್ರಭಾವ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಉಪ್ಪಿನಿಂದ ಅಳೆಯುತ್ತಾರೆ: ವರ್ಷದ ಅತ್ಯಂತ ಒಣ ಕಾಲದಲ್ಲಿ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗ ಇರುವ ಜಾಗವೇ ಎಲ್ಲೆ. ಈ ಒಂದು ಅಳತೆಯಿಂದಲೇ ನಮ್ಮ ಭೀಮೆಯೂ ಮಾಂಜ್ರಾವೂ ಈ ಕಾನೂನಿನ ಹೊರಗಿವೆ. ಅಘನಾಶಿನಿಯ ದಂಡೆಯಲ್ಲಿ, ಕಡಲು ಕಣ್ಣಿಗೇ ಬೀಳದಷ್ಟು ಒಳಗಿರುವ ಒಂದು ಸಣ್ಣ ದೋಣಿಕಟ್ಟೆ ಇದರ ಒಳಗೆ ಬರುತ್ತದೆ.

ವಲಯಗಳು ನಾಲ್ಕು. ಒಂದನೆಯದರ ಮೊದಲ ಭಾಗದಲ್ಲಿ ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್), ಹವಳದ ದಿಬ್ಬ, ಮರಳಿನ ದಿಣ್ಣೆ, ಆಮೆಗಳು ಮೊಟ್ಟೆಯಿಡುವ ಜಾಗ ಮುಂತಾದ ಸೂಕ್ಷ್ಮ ಪ್ರದೇಶಗಳಿವೆ. ಎರಡನೆಯ ಭಾಗ ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ನೆಲ. ಎರಡನೆಯ ವಲಯ ಈಗಾಗಲೇ ಬೆಳೆದ ಪಟ್ಟಣ ಪ್ರದೇಶ. ಮೂರನೆಯದು ಗ್ರಾಮೀಣ ಪ್ರದೇಶ. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆ ಇದ್ದರೆ ಉಬ್ಬರರೇಖೆಯಿಂದ 50 ಮೀಟರ್, ಕಡಿಮೆ ಇದ್ದರೆ 200 ಮೀಟರ್ ಅಭಿವೃದ್ಧಿ ನಿಷಿದ್ಧ ಪಟ್ಟಿ. ನಾಲ್ಕನೆಯದು ನೀರು, ಅಂದರೆ ಇಳಿತದ ಗೆರೆಯಿಂದ 12 ನಾಟಿಕಲ್ ಮೈಲಿಯವರೆಗಿನ ಕಡಲು ಮತ್ತು ಉಬ್ಬರ ಹೊಗುವ ಹೊಳೆಗಳು. ಕಾಂಡ್ಲಾ ಕಾಡು 1000 ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಕಾಪುಪಟ್ಟಿ ಸೇರುತ್ತದೆ. ಜೆಟ್ಟಿಯೊಂದು ನೆಲದಲ್ಲಿ ಹುಟ್ಟಿ ನೀರಿನಲ್ಲಿ ಮುಗಿಯುವುದರಿಂದ ಅದು ಏಕಕಾಲಕ್ಕೆ ಮೂರು ವಲಯಗಳ ಮೇಲೆ ನಿಲ್ಲಬಹುದು. ಆಗ ಪ್ರತಿ ಭಾಗಕ್ಕೂ ಅದರದರ ವಲಯದ ನಿಯಮವೇ ಅನ್ವಯಿಸುತ್ತದೆ.

ರಾಜ್ಯದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಗಳಲ್ಲಿ ಮೊದಲು ನಿಮ್ಮ ಜಾಗವನ್ನು ಹುಡುಕಿ. ಆದರೆ ಅರ್ಜಿಗೆ ಅಷ್ಟೇ ಸಾಲದು. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೊಂದು, ಉದಾಹರಣೆಗೆ ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಅಥವಾ ಅಣ್ಣಾ ವಿಶ್ವವಿದ್ಯಾಲಯದ ದೂರಸಂವೇದಿ ಸಂಸ್ಥೆ, 1:4000 ಪ್ರಮಾಣದಲ್ಲಿ ಗೆರೆಗಳನ್ನು ಗುರುತಿಸಿ, ನಿಮ್ಮ ಕಾಮಗಾರಿಯನ್ನು ಅದರ ಮೇಲೆ ಕೂರಿಸಿದ ನಕ್ಷೆಯನ್ನು ಕೊಡಬೇಕು. ಈ ಸಂಸ್ಥೆಗಳು ಬೆರಳೆಣಿಕೆಯಷ್ಟು, ಇಡೀ ದೇಶದ ಕೆಲಸ ಅವರ ಮೇಜಿನ ಮೇಲಿರುತ್ತದೆ. ನನ್ನ ಮೊದಲ ಕರಾವಳಿ ಕೆಲಸದಲ್ಲಿ ನಾವು ವಿವರವಾದ ವಿನ್ಯಾಸ ಮುಗಿದ ಮೇಲೆ ಈ ನಕ್ಷೆಗೆ ಬರೆದೆವು. ನಕ್ಷೆ ಬಂದಾಗ ನಾವು ಸರಂಜಾಮು ಕೋಣೆಗೆಂದು ಗೊತ್ತುಮಾಡಿದ್ದ ಜಾಗ ಕಾಂಡ್ಲಾದ ಕಾಪುಪಟ್ಟಿಯೊಳಗೆ ಬಿದ್ದಿತ್ತು. ವಿನ್ಯಾಸ ಮರಳಿ ಮಾಡುವಷ್ಟರಲ್ಲಿ ಅಕ್ಟೋಬರ್ ಕಳೆದುಹೋಗಿತ್ತು. ನಕ್ಷೆಯ ಪತ್ರ ಮೊದಲ ವಾರವೇ ಹೋಗಬೇಕು. ಅದು ಹೋಗದೆ ಬೇರೆ ಯಾವುದಕ್ಕೂ ಹಣ ಖರ್ಚು ಮಾಡಬಾರದು ಎಂಬುದು ಅಂದಿನಿಂದ ನಾನು ಬಿಡದ ನಿಯಮ.

ಎರಡನೆಯ ಹೆಜ್ಜೆ: ಮಟ್ಟಗಳನ್ನು ಒಂದು ಮಾಡಿಕೊಳ್ಳುವುದು

ಇದು ಕಿರಿದಾಗಿ ಕಾಣುವ, ಆದರೆ ನಮ್ಮ ಕಡೆಯವರು ಹೆಚ್ಚಾಗಿ ಎಡವುವ ಜಾಗ. ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 454 ಮೀಟರ್ ಎತ್ತರದಲ್ಲಿದೆ ಎನ್ನುವಾಗ ನಾವು ಹೇಳುವ ಸಮುದ್ರಮಟ್ಟ ಸರಾಸರಿ ಸಮುದ್ರಮಟ್ಟ. ಬ್ಯಾರೇಜಿನ ಗೇಟಿನಿಂದ ಹಿಡಿದು ಕಾಲುವೆಯ ತಳದವರೆಗೆ ಎಲ್ಲ ಮಟ್ಟಗಳೂ ಅದಕ್ಕೆ ಕಟ್ಟಿದವು. ಕಡಲಿನ ಆಳವನ್ನು ತೋರಿಸುವ ನೌಕಾ ನಕ್ಷೆಗಳು, ಅಂದರೆ ಡೆಹ್ರಾಡೂನಿನ ರಾಷ್ಟ್ರೀಯ ಜಲಾಲೇಖನ ಕಚೇರಿ ಪ್ರಕಟಿಸುವ ಚಾರ್ಟುಗಳು, ಬೇರೊಂದು ಮಟ್ಟವನ್ನು ಸೊನ್ನೆ ಎಂದು ಹಿಡಿಯುತ್ತವೆ. ಅದು ಚಾರ್ಟ್ ಡೇಟಮ್. ನೀರು ಅದಕ್ಕಿಂತ ಕೆಳಗೆ ಇಳಿಯುವುದು ಅಪರೂಪ ಎನ್ನುವಷ್ಟು ತಗ್ಗಿನ ಮಟ್ಟ. ದೋಣಿ ನಡೆಸುವವನಿಗೆ ಕನಿಷ್ಠ ಎಷ್ಟು ಆಳ ಸಿಗುತ್ತದೆ ಎಂಬುದೇ ಮುಖ್ಯವಾದ್ದರಿಂದ ಹಾಗೆ.

ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನ ಉಬ್ಬರ ಇಳಿತಗಳ ಅಂತರ ಒಂದೂವರೆಯಿಂದ ಎರಡು ಮೀಟರಿನ ಆಸುಪಾಸು. ಹಾಗಾಗಿ ಈ ಎರಡು ಸೊನ್ನೆಗಳ ನಡುವೆ ಒಂದು ಮೀಟರಿನಷ್ಟು ವ್ಯತ್ಯಾಸವಿರುವುದು ಸಹಜ. ನೆಲದ ಸರ್ವೆ ಒಂದು ಸೊನ್ನೆಯಲ್ಲಿ, ನೀರಿನ ಸರ್ವೆ ಇನ್ನೊಂದು ಸೊನ್ನೆಯಲ್ಲಿ ಇದ್ದು, ಇಬ್ಬರೂ ಅದನ್ನು ಹಾಳೆಯ ಮೂಲೆಯಲ್ಲಿ ಬರೆಯದೆ ಬಿಟ್ಟರೆ, ಜೆಟ್ಟಿಯ ಮೇಲ್ಮೈ ಒಂದು ಮೀಟರ್ ತಗ್ಗಾಗಿಯೋ ಎತ್ತರವಾಗಿಯೋ ಕೂರುತ್ತದೆ. ಮೀನುಗಾರಿಕೆಯ ಜೆಟ್ಟಿಗೆ ಒಂದು ಮೀಟರ್ ಎಂದರೆ ಬುಟ್ಟಿ ಎತ್ತಿಕೊಡುವ ಹೆಂಗಸಿನ ಬೆನ್ನು. ಆದ್ದರಿಂದ ಪ್ರತಿ ಹಾಳೆಯ ಮೇಲೆ ಎರಡೂ ಸೊನ್ನೆಗಳನ್ನು ತೋರಿಸುವ ಒಂದು ಸಣ್ಣ ಏಣಿಚಿತ್ರವಿರಲಿ. ಉಬ್ಬರರೇಖೆ, ಇಳಿತರೇಖೆ, ಸರಾಸರಿ ಮಟ್ಟ, ಜೆಟ್ಟಿಯ ಮೇಲ್ಮೈ, ಹೂಳೆತ್ತಬೇಕಾದ ತಳ ಎಲ್ಲವೂ ಅದರಲ್ಲಿ ಬರಲಿ. ಜಾಗದಲ್ಲಿ ಕನಿಷ್ಠ ಒಂದು ತಿಂಗಳು ಉಬ್ಬರಮಾಪಕ ಇಟ್ಟು ಓದಿದರೆ ಸ್ಥಳೀಯ ವ್ಯತ್ಯಾಸವೂ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಜಾಗವನ್ನು ಎಲ್ಲ ಕಾಲದಲ್ಲೂ ನೋಡುವುದು

ಭೀಮೆಗೆ ಮಹಾಪೂರ ಬಂದಾಗ, 2020ರ ಅಕ್ಟೋಬರಿನಲ್ಲಿ ಬಂದಂತೆ, ನೀರು ಏರುತ್ತದೆ, ಊರು ಮುಳುಗಿಸುತ್ತದೆ, ಇಳಿಯುತ್ತದೆ. ಹೊಳೆಯ ದಾರಿ ಬಹುಮಟ್ಟಿಗೆ ಅದೇ ಇರುತ್ತದೆ. ಕಡಲತೀರ ಹಾಗಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದ ಅಲೆಗಳು ದಂಡೆಯ ಮರಳನ್ನು ಕಿತ್ತು ಕಡಲೊಳಗೆ ಒಯ್ಯುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹಳಷ್ಟನ್ನು ಮರಳಿ ತಂದು ಹಾಕುತ್ತವೆ. ಇದಲ್ಲದೆ ಅಲೆಗಳು ದಂಡೆಗೆ ಓರೆಯಾಗಿ ಬಡಿಯುವುದರಿಂದ ಮರಳು ತೀರದುದ್ದಕ್ಕೂ ಸಾಗುತ್ತಲೇ ಇರುತ್ತದೆ. ಈ ಸಾಗಾಟದ ಅಡ್ಡಕ್ಕೆ ಬ್ರೇಕ್‌ವಾಟರ್, ಅಂದರೆ ಕಡಲೊಳಗೆ ಚಾಚಿ ಅಲೆ ತಡೆಯುವ ಗೋಡೆ, ಕಟ್ಟಿದರೆ ಒಂದು ಬದಿಗೆ ಮರಳು ಶೇಖರವಾಗಿ, ಇನ್ನೊಂದು ಬದಿ ಹಸಿದು ಕೊರೆಯತೊಡಗುತ್ತದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಬಾಯಿಯ, ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕಡಲ್ಕೊರೆತ ದಶಕಗಳ ಸಂಕಟ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಅಲ್ಲಿ ಬರೀ ಕಲ್ಲಿನ ಗೋಡೆಯ ಬದಲು ದಂಡೆಯಿಂದಾಚೆ ನೀರಿನೊಳಗೆ ರೀಫ್‌ಗಳನ್ನು ಕಟ್ಟಿ ಅಲೆಯ ಬಲವನ್ನು ಮೊದಲೇ ಮುರಿಯುವ ದಾರಿ ಹಿಡಿಯಬೇಕಾಯಿತು.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕಡಲತಳದ ಆಳವನ್ನು ಅಳೆಸಬೇಕು. ಎರಡರ ವ್ಯತ್ಯಾಸವೇ ಆ ಜಾಗದ ಸ್ವಭಾವ. ತೀರದ ಹಳೆಯ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ದಂಡೆ ಹಿಂದೆ ಸರಿಯುತ್ತಿದೆಯೋ ಮುಂದೆ ಬರುತ್ತಿದೆಯೋ ಗೊತ್ತಾಗುತ್ತದೆ. ಅಲೆಗಳ ಮಾಹಿತಿಗೆ ನಮಗೆ ದೂರ ಹೋಗಬೇಕಾಗಿಲ್ಲ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಎಲ್ಲರೂ ಇನ್‌ಕೊಯಿಸ್ ಎನ್ನುವ ಸಂಸ್ಥೆ, ಇರುವುದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಕಡಲಿನಿಂದ ಇಷ್ಟು ದೂರದ ದಖ್ಖನ್ ನೆಲದ ಮೇಲೆ ಕುಳಿತು ಅವರು ಅಲೆಯ ಮುನ್ಸೂಚನೆಯನ್ನೂ ಸುನಾಮಿಯ ಎಚ್ಚರಿಕೆಯನ್ನೂ ಕೊಡುತ್ತಾರೆ ಎಂಬುದು ನಮ್ಮ ಭಾಗದ ವಿದ್ಯಾರ್ಥಿಗಳು ಹೋಗಿ ನೋಡಬೇಕಾದ ಸಂಗತಿ. ದೊಡ್ಡ ಬ್ರೇಕ್‌ವಾಟರುಗಳಿಗೆ ಪುಣೆಯ ಖಡಕ್‌ವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾದರಿ ಪರೀಕ್ಷೆ ಮಾಡಿಸುವುದು ರೂಢಿ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಸಾಗರ ಇಂಜಿನಿಯರಿಂಗ್ ಬಲ್ಲ ಅಧ್ಯಾಪಕರಿದ್ದಾರೆ.

ಯಂತ್ರಗಳ ಅಳತೆಯಷ್ಟೇ ಮುಖ್ಯವಾದದ್ದು ತೀರದ ಜನರ ತಿಳಿವಳಿಕೆ. ರಂಪಣಿ ಬಲೆ ಎಳೆಯುವುದು ಎಲ್ಲಿ, ನಾಡದೋಣಿಗಳು ಮಳೆಗಾಲದಲ್ಲಿ ಎಲ್ಲಿ ಅಡಗುತ್ತವೆ, ಮೀನು ಒಣಗಿಸುವ ಜಾಗ ಯಾವುದು, ಅಳಿವೆ ಯಾವ ವರ್ಷ ಎಷ್ಟು ಸರಿಯಿತು ಎಂಬುದನ್ನು ಮೊಗವೀರ, ಖಾರ್ವಿ, ಹರಿಕಂತ್ರ ಮನೆಗಳ ಹಿರಿಯರು ಕೈಯಲ್ಲಿ ಗೆರೆ ಬರೆದು ತೋರಿಸುತ್ತಾರೆ. ನಮ್ಮೂರಲ್ಲಿ ಬಾವಿ ತೋಡುವ ಮೊದಲು ಹೊಲದ ಯಜಮಾನನನ್ನು ಕೇಳುವುದಿಲ್ಲವೇ, ಹಾಗೆಯೇ ಇದು. ಯೋಜನೆಯ ಬಗ್ಗೆ ಜನರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಯ ದಿನ ಅವರನ್ನು ಮೊದಲ ಸಲ ಕಂಡರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ಕಾರವಾರದ ಬಂದರು ವಿಸ್ತರಣೆಯ ಎರಡನೆಯ ಹಂತದ ಕೆಲಸ ಆರಂಭವಾಗುತ್ತಲೇ ಟಾಗೋರ್ ಕಡಲತೀರವನ್ನು ಉಳಿಸಲು ಮೀನುಗಾರರು ಬೀದಿಗಿಳಿದರು, 2020ರ ಜನವರಿಯಲ್ಲಿ ಹೈಕೋರ್ಟು ಕೆಲಸಕ್ಕೆ ತಡೆ ನೀಡಿತು. ಆ ತೀರ ಅವರ ಪಾಲಿಗೆ ಬಲೆ ಮತ್ತು ದೋಣಿಗೆ ಉಳಿದ ಜಾಗವಾಗಿತ್ತು; ಅದನ್ನು ಯೋಜನೆಯ ಮೊದಲ ಹಾಳೆಯಲ್ಲೇ ಎಣಿಸಬೇಕು.

ನಾಲ್ಕನೆಯ ಹೆಜ್ಜೆ: ಯಾವ ಕಾನೂನು, ಯಾವ ಕಚೇರಿ

ಗೆರೆಯೂ ಸ್ವಭಾವವೂ ತಿಳಿದ ಮೇಲೆ ಕಾಮಗಾರಿಗೆ ಎರಡು ಪ್ರಶ್ನೆ ಕೇಳಿ. ಇದು ಸಿಆರ್‌ಝಡ್ ಒಳಗಿದೆಯೇ? ಇದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲೂ ಇದೆಯೇ?

ಆ ಪಟ್ಟಿಯಲ್ಲಿ ಬಂದರು, ಬ್ರೇಕ್‌ವಾಟರ್, ಹೂಳೆತ್ತುವಿಕೆಗಳಿಗೆ ಒಂದು ಬಾಬು ಇದೆ. ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ನಿರ್ವಹಿಸುವ ಬಂದರು ಎ ವರ್ಗ, ಅದು ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತದೆ. ಅದಕ್ಕಿಂತ ಸಣ್ಣ ಬಂದರು, ಮತ್ತು ವರ್ಷಕ್ಕೆ 10,000 ಟನ್ ಅಥವಾ ಹೆಚ್ಚು ಮೀನು ನಿರ್ವಹಿಸುವ ಮೀನುಗಾರಿಕಾ ಬಂದರು ಬಿ ವರ್ಗ, ಅದು ರಾಜ್ಯ ಮಟ್ಟದ ಪ್ರಾಧಿಕಾರಕ್ಕೆ. ಹೊಸದಾಗಿ ಆಳ ಮಾಡುವ ಹೂಳೆತ್ತುವಿಕೆ ಈ ಬಾಬಿನೊಳಗೇ ಇದೆ. ವರ್ಷವರ್ಷದ ನಿರ್ವಹಣೆಯ ಹೂಳೆತ್ತುವಿಕೆಗೆ ವಿನಾಯಿತಿಯಿದೆ, ಆದರೆ ಅದು ಮೂಲ ಪ್ರಸ್ತಾವನೆಯಲ್ಲಿ ಸೇರಿದ್ದು ಆಗಲೇ ಅನುಮೋದನೆ ಪಡೆದಿದ್ದರೆ ಮಾತ್ರ. ಈ ಷರತ್ತನ್ನು ಮರೆತು ಮೊದಲ ಅರ್ಜಿಯಲ್ಲಿ ನಿರ್ವಹಣೆಯ ಹೂಳಿನ ಪ್ರಮಾಣವನ್ನೂ ಅದನ್ನು ಸುರಿಯುವ ಜಾಗವನ್ನೂ ಬರೆಯದೆ ಬಿಟ್ಟವರು ಮೂರನೆಯ ವರ್ಷಕ್ಕೆ ಮತ್ತೆ ಬಾಗಿಲು ತಟ್ಟಬೇಕಾಗುತ್ತದೆ.

ಕಡಲ್ಕೊರೆತ ತಡೆಯುವ ಗೋಡೆಯಂಥ ಕೆಲಸ ಆ ಪಟ್ಟಿಯಲ್ಲಿಲ್ಲದಿದ್ದರೂ ಸಿಆರ್‌ಝಡ್ ಅನುಮತಿ ಬೇಕೇಬೇಕು. ತುರ್ತು ಎಂದು ಲಾರಿಗಟ್ಟಲೆ ಕಲ್ಲು ಸುರಿದು ಆಮೇಲೆ ಕಾಗದ ಮಾಡಿಸುವ ಅಭ್ಯಾಸವನ್ನು ನಾನು ಒಪ್ಪಲಾರೆ. ಹಾಗೆ ಸುರಿದ ಕಲ್ಲು ಪಕ್ಕದ ಊರಿನ ದಂಡೆಯನ್ನು ಕೊರೆಯಬಹುದು, ಅಷ್ಟಾಗಿಯೂ ಎರಡು ಮಳೆಗಾಲಕ್ಕೆ ತಾನೇ ಮರಳಿನಲ್ಲಿ ಹೂತುಹೋಗಬಹುದು.

ಇವೆರಡರ ಜೊತೆಗೆ ಇತರ ಒಪ್ಪಿಗೆಗಳಿವೆ. ಕಾಂಡ್ಲಾ ಅರಣ್ಯ ಇಲಾಖೆಯ ನೆಲದಲ್ಲಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಆಮೆ ಬರುವ ತೀರವಾದರೆ 1972ರ ವನ್ಯಜೀವಿ ಕಾಯ್ದೆ ಮುಂದೆ ಬರುತ್ತವೆ. ಅನಿವಾರ್ಯವಾಗಿ ಕಾಂಡ್ಲಾ ತೆಗೆಯುವ ಅನುಮತಿ ಸಿಕ್ಕರೂ ನಾಶವಾದ ವಿಸ್ತೀರ್ಣದ ಕನಿಷ್ಠ ಮೂರು ಪಟ್ಟು ನೆಡಬೇಕು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ, ಸೇರಿರುವುದರಿಂದ ಆ ಸುತ್ತಿನ ಕೆಲಸಕ್ಕೆ ಪರಿಶೀಲನೆ ಇನ್ನೂ ಬಿಗಿ ಎಂದು ಎಣಿಸಿಯೇ ಹೊರಡಬೇಕು. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳ ಅಡಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮುಂಚೆ ಒಂದು ಸಮ್ಮತಿ, ನಡೆಸುವ ಮುಂಚೆ ಇನ್ನೊಂದು. ಬಂದರು ಇಲಾಖೆ, ಮೀನುಗಾರಿಕೆ ಇಲಾಖೆ, ದೀಪಸ್ತಂಭ ನಿರ್ದೇಶನಾಲಯ, ಕರಾವಳಿ ಕಾವಲು ಪೊಲೀಸರು ತಂತಮ್ಮ ಪಾಲಿನ ಪತ್ರ ಕೇಳುತ್ತಾರೆ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಅಲ್ಲಿ ನೀರಿನ ಸರ್ವೆಗೆ ದೋಣಿ ಇಳಿಸುವ ಮುಂಚೆಯೇ ರಕ್ಷಣಾ ಇಲಾಖೆಯ ಒಪ್ಪಿಗೆಯ ವಿಷಯ ಇತ್ಯರ್ಥವಾಗಿರಲಿ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಅಹವಾಲು

ಅರ್ಜಿಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಹೋಗುತ್ತವೆ. ನಿಗದಿತ ನಮೂನೆ, ಕಡಲ ಮತ್ತು ನೆಲದ ಎರಡೂ ಭಾಗಗಳನ್ನು ಒಳಗೊಂಡ ಪರಿಣಾಮ ವರದಿ, 1:4000ರ ನಕ್ಷೆ, ಸುತ್ತಲಿನ 7 ಕಿಲೋಮೀಟರ್ ತೋರಿಸುವ ನಕ್ಷೆ, ಅಪಾಯ ಮತ್ತು ವಿಪತ್ತು ನಿರ್ವಹಣೆಯ ವರದಿ, ಮಾಲಿನ್ಯ ಮಂಡಳಿಯ ಪತ್ರ, ಇಷ್ಟು ಇಲ್ಲದೆ ಕಡತ ಮುಂದೆ ಸರಿಯದು. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಪೂರ್ಣ ಅರ್ಜಿ ಬಂದ 60 ದಿನಗಳೊಳಗೆ ತನ್ನ ಶಿಫಾರಸು ಕೊಡಬೇಕು. ಇಲ್ಲಿ ಪೂರ್ಣ ಎಂಬ ಮಾತಿಗೇ ತೂಕ. ಒಂದು ಹಾಳೆ ಕಡಿಮೆಯಿದ್ದರೂ ದಿನಗಳ ಎಣಿಕೆ ಶುರುವಾಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರಗಳ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿಯ ಕರಡನ್ನು ಮೊದಲೇ ತೋರಿಸಿ ಕೊರತೆಗಳನ್ನು ತಿಳಿದುಕೊಳ್ಳುವುದು ಲೇಸು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ತೀರದ ಸಮುದಾಯಗಳ ಪ್ರತಿನಿಧಿಗಳಿಗೆ ಸ್ಥಾನವಿದೆ ಎಂಬುದು ನೆನಪಿರಲಿ.

ಸಾರ್ವಜನಿಕ ಅಹವಾಲು ಬೇಕಾದ ಯೋಜನೆಗಳಲ್ಲಿ ಮಾಲಿನ್ಯ ಮಂಡಳಿ ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಟ್ಟು, ಕೋರಿಕೆ ಬಂದ 45 ದಿನಗಳೊಳಗೆ ಸಭೆ ಮುಗಿಸಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಇಡೀ ಸಭೆಯನ್ನು ವಿಡಿಯೋ ಮಾಡಲಾಗುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿರಬೇಕೆಂಬುದು ನಿಯಮವೇ. ಆದರೆ ನಾನು ಓದಿದ ಬಹಳಷ್ಟು ಕನ್ನಡ ಸಾರಾಂಶಗಳು ಇಂಗ್ಲಿಷಿನಿಂದ ಯಂತ್ರದಂತೆ ತಿರುವಿದವು. ಬಂದರಿನ ಆಳವೆಷ್ಟು, ದೋಣಿಯ ದಾರಿ ಎಷ್ಟು ತಿಂಗಳು ಮುಚ್ಚಿರುತ್ತದೆ ಎಂಬುದೂ ಅವುಗಳಿಂದ ತಿಳಿಯುವುದಿಲ್ಲ. ಜೇವರ್ಗಿಯಲ್ಲೇ ಇರಲಿ ಮಲ್ಪೆಯಲ್ಲೇ ಇರಲಿ, ತನಗೆ ಅರ್ಥವಾಗದ ಕಾಗದಕ್ಕೆ ಮನುಷ್ಯ ಮೊದಲು ಬೇಡ ಎನ್ನುತ್ತಾನೆ, ಅದು ಅವನ ತಪ್ಪಲ್ಲ. ಸಾರಾಂಶವನ್ನು ಕನ್ನಡ ಚೆನ್ನಾಗಿ ಬಲ್ಲ ಇಂಜಿನಿಯರೇ ಬರೆಯಲಿ, ಬರೆದದ್ದನ್ನು ತೀರದ ಒಬ್ಬ ಹಿರಿಯರಿಗೆ ಗಟ್ಟಿಯಾಗಿ ಓದಿಹೇಳಿ ತಿದ್ದಿಕೊಳ್ಳಲಿ.

ಅನುಮತಿ ಬಂದರೂ ಅದರ ವಿರುದ್ಧ ನೊಂದವರು 30 ದಿನಗಳೊಳಗೆ, ಸಕಾರಣವಿದ್ದರೆ ಇನ್ನೂ 60 ದಿನಗಳೊಳಗೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು; ನಮಗೆ ಸಂಬಂಧಿಸಿದ ದಕ್ಷಿಣ ಪೀಠ ಚೆನ್ನೈನಲ್ಲಿದೆ.

ಆರನೆಯ ಹೆಜ್ಜೆ: ಪಂಚಾಂಗವನ್ನು ಹಿಂದಿನಿಂದ ಬರೆಯುವುದು

ಕಡಲಿನಲ್ಲಿ ದುಡಿಯಲು ಸಿಗುವುದು ಅಕ್ಟೋಬರಿನಿಂದ ಮೇ ನಡುವಿನವರೆಗೆ. ಆದ್ದರಿಂದ ಕೆಲಸ ಆರಂಭವಾಗಬೇಕಾದ ಅಕ್ಟೋಬರನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಕಲ್ಲು ಮತ್ತು ಯಂತ್ರ ಸೇರಿಸಲು ಮಳೆಗಾಲ ಪೂರ್ತಿ ಬೇಕು, ಹಾಗಾದರೆ ಅನುಮತಿ ಮೇ ತಿಂಗಳಿಗೆ ಕೈಯಲ್ಲಿರಬೇಕು. ತಜ್ಞರ ಸಮಿತಿಯ ಪರಿಶೀಲನೆಗೆ 60 ದಿನ, ಅಂತಿಮ ತೀರ್ಮಾನಕ್ಕೆ 45 ದಿನ ಎಂದು ನಿಯಮವಿದೆ. ಅದರ ಹಿಂದೆ ರಾಜ್ಯ ಪ್ರಾಧಿಕಾರದ 60 ದಿನ, ಅದರ ಹಿಂದೆ ಅಹವಾಲಿನ 45 ದಿನ. ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ, ಆಳದ ಸರ್ವೆಗೆ ಮಳೆಗಾಲದ ಎರಡೂ ಬದಿಗಳು ಬೇಕು. ಕೂಡಿಸಿ ನೋಡಿದರೆ ಎರಡು ವರ್ಷಗಳಿಗೆ ಕಡಿಮೆ ಇಟ್ಟುಕೊಂಡ ವೇಳಾಪಟ್ಟಿ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಟೆಂಡರಿನಲ್ಲಿ 18 ತಿಂಗಳು ಎಂದು ಬರೆದಿದ್ದರೆ ಅನುಮತಿಗಳು ಯಾರ ಹೊಣೆ, ಯಾವುವು ಈಗಾಗಲೇ ಬಂದಿವೆ ಎಂಬುದನ್ನು ಟೆಂಡರು ಪೂರ್ವ ಸಭೆಯಲ್ಲೇ ಲಿಖಿತವಾಗಿ ಕೇಳಿ. ಉತ್ತರ ಬಾರದ ಟೆಂಡರಿಗೆ ಠೇವಣಿ ಕಟ್ಟಬೇಡಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳೆಲ್ಲ ಬಂದರಿನೊಳಗೆ ತುಂಬಿರುತ್ತವೆ. ಬಂದರಿನೊಳಗಿನ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳೋಣ ಎನ್ನುವವರು ಈ ಮಾತನ್ನು ಮರೆಯಬಾರದು.

ಏಳನೆಯ ಹೆಜ್ಜೆ: ಕಲ್ಲು ಮತ್ತು ಕಾಂಕ್ರೀಟು

ವಿನ್ಯಾಸದ ಪಾಠ ಇಲ್ಲಿ ಪೂರ್ತಿ ಹೇಳುವಂಥದ್ದಲ್ಲ. ಬಂದರುಗಳಿಗೆ ಭಾರತೀಯ ಮಾನಕದ ಐಎಸ್ 4651 ಸಂಹಿತೆ ಇದೆ. ಒಳನಾಡಿನವರ ಅಂದಾಜು ಕೈಕೊಡುವ ಎರಡು ವಿಷಯಗಳನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಇವೆರಡೂ ಅನುಮತಿಯ ಕಡತಕ್ಕೂ ತಗಲುತ್ತವೆ.

ಹೊಳೆಯ ದಂಡೆಗೆ ಹಾಸುವ ಕಲ್ಲನ್ನು ಇಬ್ಬರು ಎತ್ತಿ ಜೋಡಿಸುತ್ತಾರೆ. ಕಡಲಿನ ಹೊರಪದರದ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಈ ತೂಕವನ್ನು ಲೆಕ್ಕಹಾಕುವ ಹಡ್ಸನ್ ಸೂತ್ರದಲ್ಲಿ ಇಳಿಜಾರು ಒಂದಕ್ಕೆ ಎರಡು, ಕಲ್ಲಿನ ಸಾಂದ್ರತೆ ಘನಮೀಟರಿಗೆ 2.65 ಟನ್, ಸ್ಥಿರತೆಯ ಗುಣಾಂಕ 2 ಎಂದು ಹಿಡಿದರೆ, 2 ಮೀಟರ್ ಅಲೆಗೆ ಕಲ್ಲು ಸುಮಾರು 1.3 ಟನ್, 3 ಮೀಟರಿಗೆ 4.5 ಟನ್, 4 ಮೀಟರಿಗೆ 10 ಟನ್ನಿಗೂ ಮೇಲೆ. ಅಷ್ಟು ದೊಡ್ಡ ಕಲ್ಲು ಹತ್ತಿರದ ಕ್ವಾರಿಯಲ್ಲಿ ಸಿಗದಿದ್ದರೆ ಕಾಂಕ್ರೀಟಿನ ಟೆಟ್ರಾಪಾಡ್ (ನಾಲ್ಕು ಕಾಲಿನ ದಿಮ್ಮಿ) ಎರಕ ಹೊಯ್ಯಬೇಕು, ಅದಕ್ಕೆ ಅಂಗಳ ಬೇಕು, ಆ ಅಂಗಳವೂ ಸಿಆರ್‌ಝಡ್ ನಕ್ಷೆಯ ಮೇಲೆ ಬರಬೇಕು. ನಮ್ಮ ಶಹಾಬಾದಿನ ಕಲ್ಲು ಮನೆಯ ನೆಲಕ್ಕೆ ಚೆಂದ. ಪದರಪದರವಾಗಿ ಸೀಳುವ ಅದರ ಗುಣವೇ ಅಲೆಯ ಹೊಡೆತಕ್ಕೆ ಅದನ್ನು ಅಯೋಗ್ಯ ಮಾಡುತ್ತದೆ. ಕರಾವಳಿಯ ಕೆಂಪು ಮುರಕಲ್ಲು ಕೂಡ ಹೊರಪದರಕ್ಕೆ ಆಗದು. ಗಟ್ಟಿ ಗ್ರಾನೈಟ್ ಜಾತಿಯ ಕಲ್ಲನ್ನೇ ಹುಡುಕಬೇಕು, ಮತ್ತು ಆ ಕ್ವಾರಿಗೆ ಸ್ವಂತ ಪರಿಸರ ಅನುಮತಿ ಇದೆಯೇ ಎಂದು ಕಾಗದ ನೋಡಿಯೇ ಒಪ್ಪಂದ ಮಾಡಿಕೊಳ್ಳಬೇಕು. ತೀರದ ಮರಳನ್ನು ಮುಟ್ಟುವಂತಿಲ್ಲ.

ಕಾಂಕ್ರೀಟಿಗೆ ಐಎಸ್ 456:2000 ಹೇಳುವಂತೆ, ಉಬ್ಬರ ಇಳಿತದ ನಡುವೆ ಒದ್ದೆಯಾಗಿ ಒಣಗುವ ಭಾಗ ಅತ್ಯಂತ ತೀವ್ರ (ಎಕ್ಸ್‌ಟ್ರೀಮ್) ಪರಿಸ್ಥಿತಿಯದು: ಕಬ್ಬಿಣ ಹಾಕಿದ ಕಾಂಕ್ರೀಟಿನ ಬಲದ ದರ್ಜೆ ಎಂ40ಕ್ಕಿಂತ ಕಡಿಮೆ ಇರಬಾರದು, ಘನಮೀಟರಿಗೆ ಸಿಮೆಂಟು ಕನಿಷ್ಠ 360 ಕಿಲೋ, ನೀರು ಸಿಮೆಂಟಿನ ಅನುಪಾತ 0.40 ಮೀರಬಾರದು, ಸರಳಿನ ಮೇಲಿನ ಹೊದಿಕೆ 75 ಮಿಲಿಮೀಟರ್. ಸದಾ ಮುಳುಗಿರುವ ಭಾಗಕ್ಕೆ ಎಂ30 ಮತ್ತು 45 ಮಿಲಿಮೀಟರ್ ಸಾಕು ಎಂಬುದು ಮೊದಲು ಕೇಳಿದವರಿಗೆ ಬೆರಗು. ಆಮ್ಲಜನಕ ಕಡಿಮೆ ಸಿಗುವ ಆಳಕ್ಕಿಂತ, ಗಾಳಿಯೂ ಉಪ್ಪೂ ಸರದಿಯ ಮೇಲೆ ಬರುವ ಮಧ್ಯದ ಪಟ್ಟಿಯಲ್ಲಿ ಸರಳು ಬೇಗ ತುಕ್ಕು ಹಿಡಿಯುತ್ತದೆ. ಸೇಡಂ, ವಾಡಿಗಳ ಸಿಮೆಂಟಿನ ನಡುವೆ ಬೆಳೆದ ನಾವು ಸಿಮೆಂಟಿನ ವಿಷಯದಲ್ಲಿ ಧಾರಾಳಿಗಳು. ಕಡಲಿನಲ್ಲಿ ಧಾರಾಳತನಕ್ಕಿಂತ ಹೊದಿಕೆಯ ದಪ್ಪವನ್ನು ಪ್ರತಿ ಮೀಟರಿಗೂ ಅಳೆಯುವ ಮೇಸ್ತ್ರಿ ಮುಖ್ಯ.

ಎಂಟನೆಯ ಹೆಜ್ಜೆ: ಕೆಲಸ ನಡೆಯುವಾಗ ಮತ್ತು ಮುಗಿದ ಮೇಲೆ

ಅನುಮತಿಯ ಪತ್ರದ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಸೈಟಿನ ಕಚೇರಿಯ ಗೋಡೆಗೆ ಅಂಟಿಸಿ. ಆಮೆಗಳ ಕಾಲದಲ್ಲಿ ರಾತ್ರಿ ದೀಪ ಬೇಡ ಎಂದಿದ್ದರೆ ಅದು ಕ್ರೇನ್ ಚಾಲಕನಿಗೆ ಗೊತ್ತಿರಬೇಕು, ಮ್ಯಾನೇಜರನ ಕಡತದಲ್ಲಿದ್ದರೆ ಸಾಲದು. ಹೂಳನ್ನು ಒಪ್ಪಿದ ಜಾಗದಲ್ಲೇ ಸುರಿದ ದಾಖಲೆ, ದೋಣಿಯ ಜಿಪಿಎಸ್ ಗುರುತಿನ ಸಮೇತ, ದಿನವೂ ಬರೆಯಬೇಕು. ಪರಿಸರ ಅನುಮತಿಯ ಪಾಲನಾ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು.

ಇದನ್ನು ಓದುತ್ತಿರುವವರಲ್ಲಿ ಸದ್ಯಕ್ಕೆ ಕರಾವಳಿಗೆ ಹೋಗುವ ಅವಕಾಶ ಇಲ್ಲದವರೂ ಇರಬಹುದು. ಅಂಥವರು ಅಭ್ಯಾಸವನ್ನು ಮನೆಯ ಹತ್ತಿರವೇ ಆರಂಭಿಸಬಹುದು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ನಮ್ಮ ಭೀಮಾ ಮತ್ತು ಮಾಂಜ್ರಾ ಹೊಳೆಗಳೂ ಇವೆ. ಅಂಥ ಮಾರ್ಗಕ್ಕೆ ಅಡ್ಡಲಾಗಿ ಸೇತುವೆ ಕಟ್ಟುವಾಗ ದೋಣಿ ಹಾಯಲು ಬಿಡಬೇಕಾದ ಎತ್ತರ ಅಗಲಗಳ ಬಗ್ಗೆ ಒಳನಾಡು ಜಲಮಾರ್ಗ ಪ್ರಾಧಿಕಾರದ ನಿರಾಕ್ಷೇಪಣೆ ಬೇಕಾಗುತ್ತದೆ. ನಮ್ಮಲ್ಲಿನ ಎಷ್ಟೋ ಅಂದಾಜು ಪಟ್ಟಿಗಳಲ್ಲಿ ಆ ಪತ್ರಕ್ಕೆ ಸಾಲೇ ಇರುವುದಿಲ್ಲ.

ಕರಾವಳಿಯ ಕೆಲಸಕ್ಕೆ ಮರಳಿ ಕೊನೆಯ ಮಾತು ಲೆಕ್ಕದ ಬಗ್ಗೆ. ಕಾಮಗಾರಿ ಮುಗಿದು ಬಿಲ್ಲು ಪಾಸಾದ ಮೇಲೂ ಮೊದಲ ಮಳೆಗಾಲ ಕಳೆದ ಅಕ್ಟೋಬರಿನಲ್ಲಿ ಒಂದು ಆಳದ ಸರ್ವೆ, ಎರಡೂ ಬದಿಗಳ ದಂಡೆಯ ಅಳತೆ ಮತ್ತು ಅಡಿಪಾಯದ ಬುಡದ ಕಲ್ಲುಗಳ ಪರಿಶೀಲನೆಗೆ ಹಣ ಉಳಿದಿರಬೇಕು. ಅದನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬಾಗಿ ಮೊದಲೇ ಬರೆಯಿರಿ. ಬಿಡಿ ಖರ್ಚಿನ ಬಾಬಿನೊಳಗೆ ಸೇರಿಸಿದರೆ ಆ ಅಕ್ಟೋಬರ್ ಬರುವಷ್ಟರಲ್ಲಿ ಅದು ಬೇರೆ ಯಾವುದಕ್ಕೋ ಕರಗಿರುತ್ತದೆ.